ಅಡಿಟಿಪ್ಪಣಿಯ ಒಂಬತ್ತನೆಯವಳು

ಮಾರ್ಚ್ 4, ಮಂಗಳವಾರ
ಪುಸ್ತಕ ವಿಭಾಗ, ಎರಡನೇ ಮಹಡಿ

ಪ್ರೀತಿಯ ಅಮ್ಮನಿಗೆ,

ನೀನೂ ಚಿಕ್ಕಮ್ಮನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಅಂಗಡಿಗೆ ಹೊಸ ಹೊಲಿಗೆ ಯಂತ್ರ ಬಂತೇ? ಚೀಲದ ಜಿಪ್ಪುಗಳೊಂದಿಗೆ ನಿನ್ನ ಜಗಳ ಎಲ್ಲಿಗೆ ಬಂತು? ಫೋನಿನಲ್ಲಿ ಎರಡು ಸಾಲು ಕುಟ್ಟಿ ಕಳಿಸಬಹುದಿತ್ತು. ಆದರೆ ‘ಫೋನಿನಲ್ಲಿ ನಿನ್ನ ಮುಖ ಕಾಣುವುದಿಲ್ಲ, ಕೈಬರಹದಲ್ಲಿ ಕಾಣುತ್ತದೆ’ ಎಂದು ನೀನೇ ಹೇಳಿದ್ದೀಯಲ್ಲ. ನಿನ್ನ ಕಿವಿಗೆ ನನ್ನ ದನಿ ತಲುಪದ ಮೇಲೆ ನಮ್ಮಿಬ್ಬರ ದೊಡ್ಡ ಮಾತುಗಳೆಲ್ಲ ಕಾಗದದ ಮೇಲೆಯೇ ನಡೆದಿವೆ. ಇದೂ ಒಂದು ದೊಡ್ಡ ಮಾತೇ. ಕೂತುಕೊಂಡು ಓದು.

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನೀನು ‘ಪುಸ್ತಕ ಓದೋದು’ ಎಂದುಬಿಡುತ್ತೀಯಂತೆ, ಚಿಕ್ಕಮ್ಮ ಬರೆದಿದ್ದಳು. ಪೂರ್ತಿ ಸುಳ್ಳಲ್ಲ. ಪುಟದ ತಳದಲ್ಲಿ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ ಇರುತ್ತದಲ್ಲ, ಅದೇ ಅಡಿಟಿಪ್ಪಣಿ. ಬರೆದವರು ಒಂದು ಸಂಗತಿ ಹೇಳಿದರೆ ಅದು ಅವರಿಗೆ ಯಾವ ಪುಸ್ತಕದಲ್ಲಿ, ಎಷ್ಟನೇ ಪುಟದಲ್ಲಿ ಸಿಕ್ಕಿತು ಎಂದು ಅಲ್ಲಿ ಒಪ್ಪಿಸಬೇಕು. ಆ ಪುಸ್ತಕಗಳೆಲ್ಲ ಕೊನೆಯಲ್ಲಿ ಅಕ್ಷರದ ಕ್ರಮದಲ್ಲಿ ಸಾಲಾಗಿ ನಿಲ್ಲುತ್ತವೆ, ಅದು ಆಕರಗಳ ಪಟ್ಟಿ. ಹೇಳಿದ ಪುಟದಲ್ಲಿ ಹೇಳಿದ ಮಾತು ನಿಜಕ್ಕೂ ಇದೆಯೇ ಎಂದು ಹೋಗಿ ನೋಡುವವಳು ನಾನು. ಇಲ್ಲಿ ನನಗೆ ಸೂಜಿಗಣ್ಣು ಎಂದು ಹೆಸರಿಟ್ಟಿದ್ದಾರೆ. ನನಗೇನೂ ಬೇಜಾರಿಲ್ಲ.

ಈಗ ನನ್ನ ಮೇಜಿನ ಮೇಲಿರುವುದು ಕಾರ್ಖಾನೆಗಳ ವೈದ್ಯರಿಗಾಗಿ ನಿವೃತ್ತ ಡಾಕ್ಟರೊಬ್ಬರು ಬರೆದ ಕೈಪಿಡಿ. ಅದರ ನೇಯ್ಗೆ ಗಿರಣಿಗಳ ಅಧ್ಯಾಯದಲ್ಲಿ ಒಂದು ವಾಕ್ಯವಿದೆ: ಮಗ್ಗದ ಸದ್ದಿಗೆ ಕಿವಿ ಕೆಡಲು ಬಹಳ ಕಾಲ ಬೇಕು, ಹದಿನಾಲ್ಕು ವರ್ಷ ದುಡಿದೂ ಕಿವಿ ಗಟ್ಟಿಯಾಗಿರುವವರು ಇದ್ದಾರೆ, ಆದ್ದರಿಂದ ಮೊದಲ ಕಿವಿ ಪರೀಕ್ಷೆ ಹತ್ತನೇ ವರ್ಷದಲ್ಲಿ ಮಾಡಿದರೆ ಸಾಕು. ಅಡಿಟಿಪ್ಪಣಿ ಅರವತ್ತಮೂರು.

ಗಿರಣಿ ಎಂದ ಕೂಡಲೇ ನಾನು ಸುಮ್ಮನಿರುತ್ತೇನೆಯೇ? ಹಿಡಿದುಕೊಂಡು ಹೊರಟೆ. ಅರವತ್ತಮೂರು ನನ್ನನ್ನು ಒಂದು ವೈದ್ಯ ಪತ್ರಿಕೆಯ ಲೇಖನಕ್ಕೆ ಕಳಿಸಿತು. ಅಲ್ಲಿ ‘ಇದು ಎಲ್ಲರೂ ಬಲ್ಲ ಸಂಗತಿ’ ಎಂದಿತ್ತು. ಆ ಲೇಖನ ನನ್ನನ್ನು ಅದಕ್ಕಿಂತ ಹಳೆಯ ಸಮ್ಮೇಳನದ ಭಾಷಣಕ್ಕೆ ದಾಟಿಸಿತು. ಅಲ್ಲಿ ‘ಅನೇಕ ಕಾರ್ಮಿಕರಲ್ಲಿ’ ಎಂದಿತ್ತು. ಭಾಷಣದಿಂದ ಒಂದು ಪಿಎಚ್.ಡಿ. ಪ್ರಬಂಧಕ್ಕೆ ಬಂದೆ. ಅಲ್ಲಿ ‘ಕೆಲವರಲ್ಲಿ’. ಹಿಂದೆ ಹಿಂದೆ ಹೋದಷ್ಟೂ ಜನ ಕರಗುತ್ತಿದ್ದರು ಅಮ್ಮ! ಈ ಮೂವರೂ, ಅವರ ಜೊತೆ ನಮ್ಮ ಡಾಕ್ಟರೂ, ಕೊನೆಗೆ ಬೆರಳು ತೋರಿಸಿದ್ದು ಒಂದೇ ಕಡೆಗೆ, ಟೈಪ್ ಮಾಡಿದ ಒಂದು ಹಳೆಯ ವರದಿಯ ಎಪ್ಪತ್ತೊಂದನೇ ಪುಟಕ್ಕೆ.

ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಆ ವರದಿ ಸಿಕ್ಕಿತು. ಅದರಲ್ಲಿರುವುದು ಒಟ್ಟು ಐವತ್ತೆರಡೇ ಪುಟ.

ನಮ್ಮ ಸಂಪಾದಕಿಗೆ ಹೇಳಿದೆ. ಅವರು ಕನ್ನಡಕ ತಲೆಗೇರಿಸಿಕೊಂಡು ನಕ್ಕರು. “ಮೊದಲನೆಯವನು ಹದಿನೇಳನ್ನ ತಿರುಗಿಸಿ ಎಪ್ಪತ್ತೊಂದು ಮಾಡಿದಾನೆ ಕಣೆ. ಉಳಿದೋರೆಲ್ಲ ಅವನದ್ದನ್ನೇ ನೋಡ್ಕೊಂಡು ಬರ್ದಿದಾರೆ. ಮೂಲ ತೆಗೆದು ನೋಡಿದೋರು ಒಬ್ಬರಾದ್ರೂ ಇದ್ದಿದ್ರೆ ಹೀಗಾಗ್ತಿತ್ತಾ?” ಎಂದರು.

ಹದಿನೇಳನೇ ಪುಟ ತೆಗೆದೆ. ನೀನು ದುಡಿದ ಆ ನದಿಯಾಚೆಯ ದೊಡ್ಡ ಗಿರಣಿಯ ಇಪ್ಪತ್ತೆರಡು ಜನರ ಕಿವಿ ಪರೀಕ್ಷೆ ಮಾಡಿದ ಪಟ್ಟಿ. ಹೆಸರಿಲ್ಲ, ಸಂಖ್ಯೆ ಮಾತ್ರ. ಇಪ್ಪತ್ತೊಂದು ಜನಕ್ಕೆ ಕಿವಿ ಕೆಟ್ಟಿದೆ. ಕೆಡದೇ ಇರುವುದು ಒಬ್ಬಳದೇ. ಅವಳ ಸಾಲನ್ನು ಇದ್ದ ಹಾಗೇ ಬರೆಯುತ್ತೇನೆ:

‘ಒಂಬತ್ತನೆಯವರು. ಹೆಂಗಸು, ವಯಸ್ಸು ಮೂವತ್ತೆರಡು, ಮಗ್ಗದಲ್ಲಿ ಹದಿನಾಲ್ಕು ವರ್ಷ. ಎಡಗೈ ಕಿರುಬೆರಳಿನ ತುದಿ ಇಲ್ಲ. ಎರಡೂ ಕಿವಿ ಸುಸ್ಥಿತಿಯಲ್ಲಿವೆ.’ ಅದರ ಕೆಳಗೆ ಒಂದು ಪುಟ್ಟ ಟಿಪ್ಪಣಿ: ‘ಪರೀಕ್ಷಕರ ಅಂಗಿಯ ಗುಂಡಿ ಒಂದು ತೂತಿನದು ಇನ್ನೊಂದಕ್ಕೆ ಬಿದ್ದಿರುವುದನ್ನು ಈಕೆ ತೋರಿಸಿಕೊಟ್ಟರು.’

ಅಮ್ಮ, ಜಗತ್ತಿನಲ್ಲಿ ನಿನ್ನ ಹಾಗೆ ಕಿರುಬೆರಳಿನ ತುದಿ ಕಳೆದುಕೊಂಡವರು ಬೇಕಾದಷ್ಟು ಜನ ಇರಬಹುದು. ಮುಖ ನೋಡುವ ಮೊದಲು ಗುಂಡಿ ನೋಡುವವಳು ನನಗೆ ಗೊತ್ತಿರುವುದು ಒಬ್ಬಳೇ.

ವರ್ಷ ಲೆಕ್ಕ ಹಾಕಿದರೆ ಆಗ ನನಗೆ ಆರು. ನಿನ್ನ ಕಿವಿ ಹೋದದ್ದು ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬಂದ ಜ್ವರದಲ್ಲಿ ಎಂದು ನೀನು ಹೇಳಿದ್ದೆ. ಹಾಗಾದರೆ ವರದಿ ಸರಿಯೇ. ಆದರೆ ನನ್ನ ನೆನಪು ಎಷ್ಟು ಹಿಂದಕ್ಕೆ ಹೋದರೂ ಅಲ್ಲಿ ನೀನು ನನ್ನ ತುಟಿಯನ್ನೇ ನೋಡುತ್ತಿದ್ದೀಯ. ಯಾವುದು ನಿಜ? ತಿಳಿಯುವ ಆಸೆ, ಅಷ್ಟೇ.

ನಿನ್ನ
ಮಗಳು

•

ಮಾರ್ಚ್ 9
ಅಂಗಡಿಯಿಂದ

ಮಗಳೇ,

ಕಾಗದ ತಲುಪಿತು. ಹೊಲಿಗೆ ಯಂತ್ರ ಬಂದಿದೆ, ಆದರೆ ಸೂಜಿ ಬಂದಿಲ್ಲ. ಯಂತ್ರ ಬಂದ ಸಂಭ್ರಮಕ್ಕೆ ನಿನ್ನ ಚಿಕ್ಕಮ್ಮ ಅದಕ್ಕೆ ಬಟ್ಟೆ ಹೊದಿಸಿ ಕೂರಿಸಿದ್ದಾಳೆ.

ಒಂಬತ್ತನೆಯವಳು ನಾನಲ್ಲ. ಗಿರಣಿಯಲ್ಲಿ ಬೆರಳಿನ ತುದಿ ಹೋದವರನ್ನು ಸಾಲಾಗಿ ನಿಲ್ಲಿಸಿದರೆ ಗೇಟಿನ ತನಕ ಬರುತ್ತಿತ್ತು. ಮಗ್ಗದ ಲಾಳಿ ಹಾರಿ ಬಂದರೆ ಅದು ಯಾರ ಕೈ ಎಂದು ಕೇಳುತ್ತದೆಯೇ? ಗುಂಡಿ ವಿಷಯವೂ ಹಾಗೇ. ಕಣ್ಣಿದ್ದವರು ಯಾರಾದರೂ ಹೇಳುತ್ತಾರೆ.

ನೀನು ಅಷ್ಟು ವಿವರವಾಗಿ ಬರೆದದ್ದಕ್ಕೆ ಒಂದೆರಡು ಪ್ರಶ್ನೆ ಮನಸ್ಸಿನಲ್ಲಿ ಉಳಿದವು. ಒಂದು ಮಾತನ್ನು ಎಲ್ಲಿಂದ ತಂದೆವು ಎಂದು ಹೇಳಲು ಅಷ್ಟು ಸಣ್ಣ ಅಕ್ಷರ ಯಾಕೆ? ನಾಚಿಕೆಯೇ? ಹೆಸರು ಬಿಟ್ಟು ಸಂಖ್ಯೆ ಹಾಕಿದ್ದು ಯಾಕೆ? ಅಷ್ಟೆಲ್ಲ ಓದಿದ ನಾಲ್ಕು ಜನ ಒಬ್ಬರ ಹಿಂದೊಬ್ಬರು ಇಲ್ಲದ ಪುಟವನ್ನು ತೋರಿಸಿದರೆ ಅವರಿಗೆ ಯಾರೂ ಏನೂ ಹೇಳುವುದಿಲ್ಲವೇ? ನಮ್ಮಲ್ಲಿ ಒಂದು ಎಳೆ ತಪ್ಪಿದರೆ ಮೇಸ್ತ್ರಿ ಇಡೀ ಬಟ್ಟೆ ಬಿಚ್ಚಿಸುತ್ತಿದ್ದ.

ಆ ವರದಿ ಬರೆದವನು ಈಗ ಏನು ಮಾಡುತ್ತಿದ್ದಾನೆ? ಆ ನೀಲಿ ಅಂಗಿಯವನಿಗೆ ಆಗಲೇ ತಲೆಗೂದಲು ಉದುರಲು ಶುರುವಾಗಿತ್ತು, ಪಾಪ.

ಇದರಲ್ಲೆಲ್ಲ ತಲೆ ಕೆಡಿಸಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ಅಮ್ಮ

•

ಮಾರ್ಚ್ 13

ಪ್ರೀತಿಯ ಅಮ್ಮ,

ಅಂಗಿ ನೀಲಿ ಎಂದು ವರದಿಯಲ್ಲಿ ಎಲ್ಲೂ ಇಲ್ಲ. ನಾನೂ ಬರೆದಿರಲಿಲ್ಲ.

ನಿನ್ನ ಕಾಗದ ಓದಿ ಒಬ್ಬಳೇ ಕೂತು ನಕ್ಕೆ. ಪಕ್ಕದ ಮೇಜಿನ ಕರಡು ತಿದ್ದುವವರು ಕತ್ತೆತ್ತಿ ನೋಡಿದರು. ಆಮೇಲೆ ನಗು ನಿಂತಿತು. ಯಾಕೆಂದು ಹೇಳುತ್ತೇನೆ.

ನಿನ್ನೆ ಡಾಕ್ಟರು ನಮ್ಮ ಆಫೀಸಿಗೆ ಬಂದಿದ್ದರು. ಎತ್ತರದ ಆಳು, ಬಾಗಿಲಲ್ಲಿ ತಲೆ ತಗ್ಗಿಸಿ ಬರುತ್ತಾರೆ. ಎಪ್ಪತ್ತೊಂದನೇ ಪುಟ ಎಂಬುದೇ ಇಲ್ಲ ಎಂದು ತೋರಿಸಿದೆ. ತುಂಬ ನೊಂದುಕೊಂಡರು. “ಛೇ, ನಾನೂ ನೋಡ್ದೇನೇ ಬರ್ದುಬಿಟ್ಟೆ. ಹದಿನೇಳು ಅಂತ ತಿದ್ದಿಬಿಡಿ ತಾಯಿ,” ಎಂದರು. ಅವರ ಮಟ್ಟಿಗೆ ಅಲ್ಲಿಗೆ ಮುಗಿಯಿತು. ನಾನು ಪೆನ್ಸಿಲು ಹಿಡಿದು ಹದಿನೇಳು ಎಂದು ಬರೆದೆ. ಬರೆದ ಮೇಲೆ ನೋಡಿದರೆ ಅಡಿಟಿಪ್ಪಣಿ ಪೂರ್ತಿ ಸರಿಯಾಗಿದೆ. ಲೇಖಕರು ಸರಿ, ವರ್ಷ ಸರಿ, ಪುಟ ಸರಿ. ನನ್ನ ಕೆಲಸ ಚೊಕ್ಕವಾಗಿದೆ. ಆದರೆ ಆ ಪುಟದಲ್ಲಿ ಕೂತಿರುವವಳು ನಿಜ ಹೇಳಿದ್ದಾಳೋ ಇಲ್ಲವೋ ನೋಡುವುದು ಯಾರ ಕೆಲಸ ಅಮ್ಮ?

ಆ ಕೈಪಿಡಿ ಮುನ್ನೂರು ಗಿರಣಿಗಳಿಗೆ ಹೋಗುತ್ತದೆ. ಹತ್ತನೇ ವರ್ಷದ ತನಕ ಯಾರ ಕಿವಿಯನ್ನೂ ಯಾರೂ ನೋಡುವುದಿಲ್ಲ. ಈ ಬೆಳಿಗ್ಗೆ ಮೊದಲ ಸಲ ಮಗ್ಗದ ಮುಂದೆ ನಿಂತವಳು ಹತ್ತು ವರ್ಷ ಕಾಯಬೇಕು. ಅದಕ್ಕೆ ಆಧಾರ ಇಪ್ಪತ್ತೆರಡರಲ್ಲಿ ಒಬ್ಬಳು.

ಒಂಬತ್ತನೆಯವಳು ನನಗೆ ಗೊತ್ತು ಎಂದು ನಾನು ಡಾಕ್ಟರಿಗೂ ಹೇಳಿಲ್ಲ, ಸಂಪಾದಕಿಗೂ ಹೇಳಿಲ್ಲ. ನೀನು ಬೇಡ ಎಂದರೆ ಹೇಳುವುದೂ ಇಲ್ಲ. ಪುಸ್ತಕ ಅಚ್ಚಿಗೆ ಹೋಗಲು ಮೂರು ವಾರವಿದೆ. ನಿನ್ನನ್ನು ತಪ್ಪಿತಸ್ಥಳನ್ನಾಗಿ ನಿಲ್ಲಿಸಬೇಕೆಂದು ಕೇಳುತ್ತಿಲ್ಲ. ಆವತ್ತು ಏನಾಯಿತು ಎಂದು ಮಾತ್ರ ಹೇಳು.

ನಿನ್ನ
ಮಗಳು

•

ಮಾರ್ಚ್ 18

ಮಗಳೇ,

ನಾಲ್ಕು ದಿನ ಕಾಗದ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ನಿನ್ನ ಚಿಕ್ಕಮ್ಮ ಕೇಳಿಯೇ ಬಿಟ್ಟಳು, ಯಾರಿಗಾದರೂ ಹುಷಾರಿಲ್ಲವೇ ಎಂದು. ಇಲ್ಲ, ಸಿಕ್ಕಿಬಿದ್ದಿದ್ದೇನೆ ಎಂದೆ.

ನಾನೇ ಒಂಬತ್ತನೆಯವಳು. ಜ್ವರದ ಕತೆ ನಾನು ಕಟ್ಟಿದ್ದು.

ಹದಿನೆಂಟಕ್ಕೆ ಮಗ್ಗದ ಮುಂದೆ ನಿಂತೆ. ಮೊದಲ ವಾರ ಕೆಲಸ ಬಿಟ್ಟು ಹೊರಗೆ ಬಂದರೆ ತಲೆಯೊಳಗೆ ಜೇನುಗೂಡು. ಆಮೇಲೆ ಅದೇ ರೂಢಿ. ನಾಲ್ಕನೇ ವರ್ಷ ಊಟದ ಗಂಟೆ ಮಾಯವಾಯಿತು. ಎಲ್ಲರೂ ಏಳುವುದನ್ನು ನೋಡಿ ನಾನೂ ಏಳುತ್ತಿದ್ದೆ. ಐದನೇ ವರ್ಷ ಹಕ್ಕಿಗಳು ಬಾಯಿ ಮುಚ್ಚಿಕೊಂಡವು. ಹವಾಮಾನ ಬದಲಾಗಿರಬೇಕು, ಬೇರೆ ಕಡೆ ಹೋಗಿರಬೇಕು ಎಂದುಕೊಂಡೆ, ಎಂಥಾ ಪೆದ್ದಿ ನೋಡು. ಆರನೇ ವರ್ಷ ಮುಗಿಯುವ ಹೊತ್ತಿಗೆ ಹೆಂಗಸರ ದನಿ, ಮಕ್ಕಳ ದನಿ ಪೂರ್ತಿ ಹೋಗಿತ್ತು. ಗಂಡಸರು ಹತ್ತಿರ ಬಂದು ಕೂಗಿದರೆ ಗುಂ ಎನ್ನುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಗಿರಣಿಯೊಳಗೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಕಿವಿ ಇದ್ದವರೂ ತುಟಿ ನೋಡಿಯೇ ಮಾತಾಡಬೇಕು. ಇಡೀ ಊರಿನಲ್ಲಿ ನಾನು ಎಲ್ಲರಿಗೂ ಸಮಾನಳಾಗಿ ಇದ್ದದ್ದು ಅಲ್ಲಿ ಒಂದೇ ಕಡೆ.

ಆ ನೀಲಿ ಅಂಗಿಯವನು ಬಂದ ವಾರ ಒಂದು ಸುದ್ದಿ ಹಬ್ಬಿತು. ಕಿವಿ ಕೆಟ್ಟವರನ್ನು ಮಗ್ಗದಿಂದ ತೆಗೆದು ಕಸದ ಹತ್ತಿ ಆರಿಸುವ ಕೋಣೆಗೆ ಹಾಕುತ್ತಾರೆ ಎಂದು. ಆ ಕೋಣೆಗೆ ಹೋದವರು ಎರಡು ವರ್ಷದಲ್ಲಿ ಕೆಮ್ಮಿಕೊಂಡು ಮನೆಗೆ ಬರುತ್ತಿದ್ದರು. ಅದು ನಿನ್ನ ಅಪ್ಪ ಕೆಮ್ಮು ಹತ್ತಿ ಹಾಸಿಗೆ ಹಿಡಿದ ವರ್ಷ. ಇಬ್ಬರೂ ಕೆಮ್ಮುತ್ತಾ ಮಲಗಿದರೆ ನಿನಗೆ ತಲೆ ಬಾಚುವವರು ಯಾರು? ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ನನ್ನದು ಕಿಟಕಿಯ ಪಕ್ಕದ ಮಗ್ಗ. ನನ್ನಷ್ಟು ಚೊಕ್ಕ ಅಂಚು ಯಾರ ಬಟ್ಟೆಗೂ ಬರುತ್ತಿರಲಿಲ್ಲ. ಅದನ್ನು ಇನ್ನೊಬ್ಬಳ ಕೈಗೆ ಕೊಡಲು ನನಗೆ ಮನಸ್ಸಿರಲಿಲ್ಲ.

ಪರೀಕ್ಷೆ ಮೇಸ್ತ್ರಿಯ ಕೋಣೆಯಲ್ಲಿ. ನೀಲಿ ಅಂಗಿಯವನ ಕೈಯಲ್ಲಿ ಕಬ್ಬಿಣದ ಪುಟ್ಟ ಕವೆಗಳು, ತಟ್ಟಿದರೆ ಮಿಡಿದು ನಾದ ಹೊರಡುವಂಥವು. ಒಂದೊಂದನ್ನೇ ಮೊಣಕಾಲಿಗೆ ತಟ್ಟಿ ಕಿವಿಯ ಹತ್ತಿರ ಹಿಡಿಯುವುದು, ಕೇಳಿಸಿದರೆ ಬೆರಳೆತ್ತಬೇಕು. ನಡುನಡುವೆ ತಟ್ಟದೆಯೂ ಹಿಡಿಯುತ್ತಿದ್ದ, ಮೋಸ ಹಿಡಿಯಲು. ಕಣ್ಣು ಮುಚ್ಚಿ ಎಂದ. ನನಗೆ ತಲೆ ಸುತ್ತುತ್ತದೆ ಎಂದು ತೆರೆದೇ ಇಟ್ಟೆ. ಬೆನ್ನ ಹಿಂದೆ ನಿಂತು ಮಾಡಿದ. ಎದುರು ಕಿಟಕಿಯ ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು. ಕವೆ ನಿಜವಾಗಿ ಮಿಡಿಯುತ್ತಿದ್ದರೆ ಅವನ ಹುಬ್ಬು ತಾನಾಗಿಯೇ ಮೇಲೇರುತ್ತಿತ್ತು. ಸುಮ್ಮನೆ ಹಿಡಿದರೆ ಏರುತ್ತಿರಲಿಲ್ಲ. ಹುಬ್ಬು ಎದ್ದಾಗಲೆಲ್ಲ ಬೆರಳೆತ್ತಿದೆ. ಒಂದೂ ತಪ್ಪಲಿಲ್ಲ. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಪಾಪ, ಎದುರಿಗೆ ಬಂದು ನಿಂತು ಏನೋ ಹೊಗಳಿದ. ಆಗ ಗುಂಡಿ ಕಂಡಿತು. ಹೇಳದಿದ್ದರೆ ತಡೆಯುವುದಿಲ್ಲವಲ್ಲ ನನಗೆ.

ನಿನ್ನ ಅಪ್ಪ ಹೋದ ಮೇಲೆ, ಗಿರಣಿಯೂ ಮುಚ್ಚಿದ ಮೇಲೆ, ಇನ್ನು ಮುಚ್ಚಿಡುವ ಅಗತ್ಯ ಇರಲಿಲ್ಲ. ಆ ವರ್ಷ ಒಂದು ಜ್ವರ ಬಂತು, ಅದರ ತಲೆಗೆ ಕಟ್ಟಿದೆ.

ನನ್ನ ಕೆಲಸ ಉಳಿಯಿತು, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅವನು ನನ್ನನ್ನು ಬರೆದುಕೊಂಡಿದ್ದಾನೆ, ಅದು ಕೈಯಿಂದ ಕೈಗೆ ದಾಟಿ ಇನ್ನೊಬ್ಬಳ ಹತ್ತು ವರ್ಷ ಆಗುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದರೆ ಬೆರಳು ಎತ್ತುತ್ತಿರಲಿಲ್ಲ ಎಂದು ಬರೆಯಲು ಹೊರಟೆ. ಅದೂ ಸುಳ್ಳೇ. ಎತ್ತುತ್ತಿದ್ದೆ. ಆದರೆ ಈಗ ಇಳಿಸಬಹುದಲ್ಲ.

ಡಾಕ್ಟರಿಗೆ ಈ ಕಾಗದ ತೋರಿಸು. ನನ್ನನ್ನೂ ಸಣ್ಣ ಅಕ್ಷರದಲ್ಲಿ ಹಾಕುತ್ತಾರೆಯೇ? ಪಟ್ಟಿಯಲ್ಲಿ ನಾನು ಎಲ್ಲಿ ಬರುತ್ತೇನೆ?

ಇಂತಿ,
ಅಮ್ಮ

•

ಮಾರ್ಚ್ 24

ಪ್ರೀತಿಯ ಅಮ್ಮ,

ಕಾಗದವನ್ನು ಡಾಕ್ಟರ ಕೈಯಲ್ಲಿಟ್ಟೆ. ನನ್ನ ಮೇಜಿನ ಎದುರಿನ ಸ್ಟೂಲಿನಲ್ಲಿ ಮೊಣಕಾಲು ಮಡಚಿಕೊಂಡು ಕೂತು ಎರಡು ಸಲ ಓದಿದರು. ಹುಬ್ಬಿನ ಸಾಲಿಗೆ ಬಂದಾಗ ಅವರ ಹುಬ್ಬೇ ಮೇಲೇರಿತು. ಕೂಡಲೇ ಕೈಯಲ್ಲಿ ಮುಚ್ಚಿಕೊಂಡರು. “ನಲವತ್ತು ವರ್ಷ ಕಿವಿ ನೋಡಿದೀನಿ. ಎಷ್ಟು ಜನ ನನ್ನ ಮುಖ ಓದಿದಾರೋ ಏನೋ,” ಎಂದರು.

ವಾಕ್ಯ ಹೋಯಿತು ಅಮ್ಮ. ಅವರೇ ಪೆನ್ನು ತೆಗೆದು ಹೊಡೆದು ಹಾಕಿದರು. ಮೊದಲ ಪರೀಕ್ಷೆ ಕೆಲಸಕ್ಕೆ ಸೇರಿದ ವಾರ, ಆಮೇಲೆ ಪ್ರತಿವರ್ಷ, ಪರೀಕ್ಷಿಸುವವರ ಮುಖ ಕಾಣದ ಕೋಣೆಯಲ್ಲಿ ಎಂದು ಬರೆದಿದ್ದಾರೆ. ಉಳಿದ ಇಪ್ಪತ್ತೊಂದು ಜನರನ್ನು ಇಷ್ಟು ವರ್ಷ ಯಾರೂ ಎಣಿಸಿಯೇ ಇರಲಿಲ್ಲ, ಈಗ ಅಡಿಟಿಪ್ಪಣಿಯಲ್ಲಿ ಅವರೆಲ್ಲ ಬಂದಿದ್ದಾರೆ. ಹಳೆಯ ಲೇಖನ ಅಚ್ಚಾದ ಪತ್ರಿಕೆಗೂ ತಿದ್ದುಪಡಿ ಬರೆದಿದ್ದಾರೆ. ಆ ನೀಲಿ ಅಂಗಿಯವರನ್ನು ಹುಡುಕಿದೆವು. ತೀರಿಕೊಂಡು ಆರು ವರ್ಷವಾಯಿತಂತೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಸ್ವಂತ ಕಾಗದಗಳಿಗೆ ನಮ್ಮಲ್ಲಿ ಒಂದು ನಿಯಮವಿದೆ. ಅಡಿಟಿಪ್ಪಣಿಯಲ್ಲಿ ‘ಲೇಖಕರಿಗೆ ತಲುಪಿದ ಪತ್ರ’ ಎಂದು ಹಾಕಬಹುದು, ಆದರೆ ಕೊನೆಯ ಪಟ್ಟಿಯಲ್ಲಿ ಜಾಗ ಇಲ್ಲ. ಓದುಗರು ಹೋಗಿ ನೋಡಲು ಆಗದ್ದನ್ನು ಪಟ್ಟಿಗೆ ಸೇರಿಸುವುದಿಲ್ಲ. ಮೇಜಿನ ಖಾನೆಯಲ್ಲಿರುವ ಕಾಗದವನ್ನು ಯಾರು ಹೋಗಿ ನೋಡುತ್ತಾರೆ?

ಇದನ್ನು ಗ್ರಂಥಾಲಯದ ನೆಲಮಾಳಿಗೆಯವರಿಗೆ ಹೇಳಿದೆ. ಅವರು ಮಿತಭಾಷಿ. “ಅವರೇ ಬರೆದು ಕೊಟ್ರೆ ಆ ವರದಿ ಪಕ್ಕದಲ್ಲೇ ಇಡ್ತೀನಿ. ನಂಬರ್ ಹಾಕ್ತೀನಿ. ಆಮೇಲೆ ಪಟ್ಟಿಗೆ ಬರ್ಬೇಕಾದ್ದೇ,” ಎಂದರು. ಹಾಗಾದರೆ ನೀನು ನಿನ್ನ ಹೆಸರಿನಿಂದಲೇ ಬರುತ್ತೀಯ, ಸಂಖ್ಯೆಯಿಂದಲ್ಲ. ನಿನ್ನ ಮೇಲಿನ ಸಾಲಿನಲ್ಲಿ ಸರ್ಕಾರದ ಒಂದು ಸಮಿತಿ, ಕೆಳಗೆ ನರರೋಗದ ತಜ್ಞರೊಬ್ಬರು. ಆದರೆ ಯಾರು ಬೇಕಾದರೂ ತೆಗೆದು ಓದಬಹುದು. ನಿನ್ನ ಜೊತೆ ಕೆಲಸ ಮಾಡಿದವರೂ ಓದಬಹುದು, ಅವರ ಮಕ್ಕಳೂ. ಯೋಚನೆ ಮಾಡು. ಅವಸರವಿಲ್ಲ, ಅಂದರೆ ಹತ್ತು ದಿನ ಇದೆ.

ನಿನ್ನ
ಮಗಳು

•

ಮಾರ್ಚ್ 28
ಅಂಗಡಿಯಿಂದ, ಬೆಳಿಗ್ಗೆ

ಮಗಳೇ,

ಹತ್ತು ದಿನ ಬೇಕಾಗಿಲ್ಲ. ಇದರ ಜೊತೆ ಬೇರೆ ಲಕೋಟೆಯಲ್ಲಿ ನನ್ನ ಆ ಕಾಗದದ ಚೊಕ್ಕ ನಕಲು ಇದೆ, ನೆಲಮಾಳಿಗೆಯವರಿಗೆ ಕೊಡು. ನಿನ್ನ ತಲೆ ಬಾಚುವ ಮಾತು ತೆಗೆದಿದ್ದೇನೆ, ಅದು ನಮ್ಮ ಮನೆಯದು. ಹುಬ್ಬು, ಗುಂಡಿ, ಕಿಟಕಿಯ ಮಗ್ಗ ಎಲ್ಲ ಇವೆ. ಕೆಳಗೆ ಹೆಸರು ಬರೆದು, ಕಿರುಬೆರಳಿನ ಗುರುತು ಬೇಕಾದರೆ ಇರಲಿ ಎಂದು ಶಾಯಿಯಲ್ಲಿ ಒತ್ತಿದ್ದೇನೆ. ಚಿಕ್ಕಮ್ಮ ನಕ್ಕಳು. ನಗಲಿ.

ನನ್ನ ಜೊತೆಯವರು ಓದಿದರೆ ಓದಲಿ. ನಮ್ಮ ಸಾಲಿನವರಲ್ಲಿ ಮೂವರು ಇನ್ನೂ ಇದ್ದಾರೆ, ಮೂವರಿಗೂ ಕೇಳುವುದಿಲ್ಲ. ಅವರಲ್ಲಿ ಕಸದ ಹತ್ತಿಯ ಕೋಣೆಗೆ ಹೋದವರು ಇಬ್ಬರು. ಅವರಿಗೆ ನಾನು ಹೇಗೆ ತಪ್ಪಿಸಿಕೊಂಡೆ ಎಂದು ಗೊತ್ತಾಗುತ್ತದೆ. ಅವರೆದುರು ಕೂತು ಹೇಳುವ ಧೈರ್ಯ ನನಗೆ ಇರಲಿಲ್ಲ. ಒಂದು ಪ್ರತಿ ನಾನೇ ತೆಗೆದುಕೊಂಡು ಹೋಗಿ ಕೊಡುತ್ತೇನೆ.

ಪುಸ್ತಕ ಬಂದ ಮೇಲೆ ಆ ಪುಟವನ್ನು ನೋಡಬೇಕು. ಕಥೆಯ ಪುಸ್ತಕ ಅಲ್ಲವಲ್ಲ, ಪಟ್ಟಿ ಇರುವ ಕೊನೆಯಿಂದಲೇ ಓದಲು ಶುರು ಮಾಡುತ್ತೇನೆ.

ಇಂತಿ,
ನಿನ್ನ ಅಮ್ಮ

ಮರೆತಿದ್ದೆ: ಆರನೇ ವರ್ಷ ಎಂದು ನಾನು ಬರೆದದ್ದನ್ನು ಓದಿದಾಗಲೇ ನೀನು ಬೆರಳು ಮಡಚಿ ಎಣಿಸಿರುತ್ತೀಯ. ನೀನು ಹುಟ್ಟಿದ್ದು ನಾನು ಮಗ್ಗಕ್ಕೆ ಸೇರಿದ ಎಂಟನೇ ವರ್ಷದಲ್ಲಿ. ಅದರ ಬಗ್ಗೆ ನಿನ್ನ ಕಾಗದದಲ್ಲಿ ಒಂದು ಅಕ್ಷರವೂ ಇಲ್ಲ, ಅದಕ್ಕೇ ನಾನೇ ಹೇಳುತ್ತಿದ್ದೇನೆ. ‘ಹುಟ್ಟಿದಾಗ ನಾನು ಹೇಗೆ ಅತ್ತೆ?’ ಎಂದು ಚಿಕ್ಕಂದಿನಲ್ಲಿ ನೀನು ದಿನಾ ಕೇಳುತ್ತಿದ್ದೆ. ಮೊದಲು ಎಣ್ಣೆ ಹಾಕದ ಬಾಗಿಲಿನ ಹಾಗೆ, ಆಮೇಲೆ ಒಂದು ಬಿಕ್ಕು, ಆಮೇಲೆ ಮತ್ತೆ ಬಾಗಿಲು ಎಂದು ನಾನು ಹೇಳುತ್ತಿದ್ದೆ. ಅದು ನಾನು ಕೇಳಿದ್ದಲ್ಲ. ನನಗೆ ಗೊತ್ತಿದ್ದದ್ದು ಎದೆಗೆ ಒರಗಿಸಿಕೊಂಡಾಗ ನೀನು ನಡುಗುತ್ತಿದ್ದದ್ದು ಮಾತ್ರ. ಅತ್ತದ್ದು ಹೇಗೆ ಎಂದು ಕಾಗದದ ಮೇಲೆ ಬರೆದು ತೋರಿಸಿದವಳು ನಿನ್ನ ಚಿಕ್ಕಮ್ಮ. ಇಷ್ಟು ವರ್ಷ ಅವಳ ಮಾತನ್ನು ನನ್ನದೆಂದೇ ಹೇಳುತ್ತಾ ಬಂದೆ. ಅವಳು ಇಲ್ಲೇ ಪಕ್ಕದಲ್ಲಿ ಜಿಪ್ಪು ಹೊಲಿಯುತ್ತಿದ್ದಾಳೆ. ಮೂಲ ನೋಡಬೇಕೆಂದರೆ ಬಂದು ಅವಳನ್ನೇ ಕೇಳು. ಕೇಳುವಾಗ ನನ್ನ ಕಡೆ ಮುಖ ಮಾಡಿಕೊಳ್ಳಿ ಇಬ್ಬರೂ, ನಾನೂ ನೋಡುತ್ತೇನೆ.